ನಾಗರಾಜನ ಸೂಟ್‌ಕೇಸ್ ಬಾಯಿ ಬಿಟ್ಟ ಪ್ರಸಂಗ

ನಾಗರಾಜ ಮರೆಗುಳಿ ಎಂಬುದು ನಮಗೆಲ್ಲ ಗೊತ್ತು. ತಾನು ಮರೆಗುಳಿ ಎಂಬುದು ಅವನಿಗೂ ಗೊತ್ತು. ತೊಂದರೆ ಶುರುವಾದದ್ದು ಈ ಎರಡನೆಯದರಿಂದ. ಬರಿಯ ಮರೆಗುಳಿಯಾಗಿದ್ದರೆ ಸೂಟ್‌ಕೇಸಿನ ನಂಬರ್ ಲಾಕ್‌ನ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಆ ಚೀಟಿಯನ್ನು ಕಳೆದುಕೊಂಡು, ತೆಪ್ಪಗಿರುತ್ತಿದ್ದ. ಆದರೆ ಇವನು ಮುಂದಾಲೋಚನೆಯುಳ್ಳ ಮರೆಗುಳಿ. ಚೀಟಿ ಕಳ್ಳನ ಕೈಗೆ ಸಿಕ್ಕರೆ ಏನು ಗತಿ ಎಂದು ಯೋಚಿಸಿ, ಸಂಖ್ಯೆಯ ಬದಲು ಸಂಖ್ಯೆಯ ಮೇಲೊಂದು ಒಗಟನ್ನು ಬರೆದಿಟ್ಟಿದ್ದ. ಮೊಬೈಲಿನಲ್ಲಿ ಆಗಾಗ ಬರುತ್ತವಲ್ಲ, ‘ಒಂದು ಅಂಕಿ ಸರಿ, ಸ್ಥಾನ ತಪ್ಪು, ಬೀಗದ ಸಂಖ್ಯೆ ಯಾವುದು?’ ಎಂಬಂಥವು, ಆ ಜಾತಿಯದು. ಚೀಟಿ ಭದ್ರವಾಗಿ ಉಳಿಯಿತು. ಸಂಖ್ಯೆ ಮರೆತುಹೋಯಿತು.

“ಬರೆಯುವಾಗ ತುಂಬ ಸುಲಭವಾಗಿತ್ತು,” ಎಂದ ನಾಗರಾಜ, ಸೂಟ್‌ಕೇಸನ್ನು ನಮ್ಮ ನಡುವೆ ಇಟ್ಟು.

“ಬರೆಯುವಾಗ ಉತ್ತರ ಗೊತ್ತಿತ್ತಲ್ಲ,” ಎಂದಳು ವಿಮಲಾ.

“ಒಳಗೆ ಏನಿದೆ?” ಎಂದು ಕೇಳಿದ ರಘು.

“ಅದೂ ನೆನಪಿಲ್ಲ. ಆದರೆ ಬಹಳ ಮುಖ್ಯವಾದದ್ದೇ ಇರಬೇಕು. ಇಲ್ಲದಿದ್ದರೆ ಬೀಗ ಯಾಕೆ ಹಾಕುತ್ತಿದ್ದೆ?”

ಶ್ರೀಧರನಿಗೆ ಈ ಮಾತು ಹಿಡಿಸಿತು. “ತರ್ಕ ಇದೆ,” ಎಂದು ತಲೆಯಾಡಿಸಿದ. ಶ್ರೀಧರ ಗಣಿತ ಓದಿದವನು. ಯಾರ ಮಾತಿನಲ್ಲಾದರೂ ‘ಇಲ್ಲದಿದ್ದರೆ’, ‘ಆದ್ದರಿಂದ’ ಎಂಬ ಪದ ಬಂದರೆ ಸಾಕು, ಅವನಿಗೆ ಒಳಗಿನ ಹೂರಣ ಬೇಕಾಗುವುದಿಲ್ಲ.

ರಘುವಿಗೆ ತರ್ಕದ ಹಂಗಿಲ್ಲ. ಅವನು ಸೂಟ್‌ಕೇಸನ್ನು ತೊಡೆಯ ಮೇಲೆ ಎಳೆದುಕೊಂಡು, ಮೂರು ಚಕ್ರಗಳನ್ನೂ ಸೊನ್ನೆಗೆ ತಂದು, ಗುಂಡಿ ಒತ್ತಿದ. ತೆರೆಯಲಿಲ್ಲ. 001. ತೆರೆಯಲಿಲ್ಲ. 002.

“ಏನು ಮಾಡುತ್ತಿದ್ದೀಯ?”

“ಮೂರು ಚಕ್ರ, ಒಂದೊಂದರಲ್ಲಿ ಹತ್ತು ಅಂಕಿ. 000ದಿಂದ 999ರವರೆಗೆ ಒಟ್ಟು 1000. ಒಂದಕ್ಕೆ 3 ಸೆಕೆಂಡು ಎಂದಿಟ್ಟುಕೊಂಡರೂ 3000 ಸೆಕೆಂಡು, ಅಂದರೆ 50 ನಿಮಿಷ. ನೀವು ಮಾತಾಡುತ್ತಿರಿ, ನಾನು ತಿರುಗಿಸುತ್ತಿರುತ್ತೇನೆ.”

ಶ್ರೀಧರನ ಮುಖ ನೋಡಬೇಕಿತ್ತು. ದೇವಸ್ಥಾನದೊಳಕ್ಕೆ ಯಾರೋ ಚಪ್ಪಲಿ ಹಾಕಿಕೊಂಡು ಬಂದಂತಾಗಿತ್ತು ಅವನಿಗೆ. “ಇದೇ ಬೀಗದಲ್ಲಿ ನಾಲ್ಕು ಚಕ್ರ ಇದ್ದಿದ್ದರೆ? 10,000 ಆಗುತ್ತಿತ್ತು. 8 ಗಂಟೆ 20 ನಿಮಿಷ! ಆಗ ಏನು ಮಾಡುತ್ತಿದ್ದೆ?”

“ಮೂರೇ ಇವೆಯಲ್ಲ,” ಎಂದ ರಘು. 011. 012.

ಚೀಟಿ ಓದು, ನಾನು ಬರೆದುಕೊಳ್ಳುತ್ತೇನೆ ಎಂದು ನಾಗರಾಜನಿಗೆ ಹೇಳಿದೆ. ಅವನು ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದ. 951: ಒಂದು ಅಂಕಿ ಸರಿ, ಸ್ಥಾನವೂ ಸರಿ. 196: ಒಂದು ಅಂಕಿ ಸರಿ, ಸ್ಥಾನ ತಪ್ಪು. 460: ಎರಡು ಅಂಕಿ ಸರಿ, ಎರಡರ ಸ್ಥಾನವೂ ತಪ್ಪು. 347: ಒಂದು ಅಂಕಿ ಸರಿ, ಸ್ಥಾನ ತಪ್ಪು.

“ಇಷ್ಟೇ?”

“ಇಷ್ಟೇ.”

ಮೊದಲ ಜಗಳ ವ್ಯಾಕರಣದ್ದು. ‘ಒಂದು ಅಂಕಿ ಸರಿ’ ಎಂದರೆ ಒಂದೇ ಸರಿಯೋ, ಅಥವಾ ಒಂದಂತೂ ಸರಿ, ಮಿಕ್ಕವು ದೇವರಿಗೆ ಪ್ರೀತಿಯೋ? “ಒಂದು ಎಂದು ಬರೆದಿದ್ದೇನೆ, ಒಂದೇ ಎಂದು ಬರೆದಿಲ್ಲ,” ಎಂದ ನಾಗರಾಜ. “ಹಾಗಾದರೆ ಒಂದೇ ಎಂಬ ಅರ್ಥದಲ್ಲಿ ಬರೆದೆಯೋ ಇಲ್ಲವೋ?” ಎಂದ ಶ್ರೀಧರ. “ನೆನಪಿಲ್ಲ,” ಎಂದ ನಾಗರಾಜ. ಒಂದು ಏತ್ವದ ಮೇಲೆ ಹತ್ತು ನಿಮಿಷ ಹೋಯಿತು. ಕೊನೆಗೆ ಇಂಥ ಒಗಟುಗಳಲ್ಲಿ ಏಕಾರ ಕಾಣದಿದ್ದರೂ ಇದ್ದೇ ಇರುತ್ತದೆ ಎಂದು ತೀರ್ಮಾನವಾಯಿತು. ಹೇಗೆ ಓದಿದ್ದರೂ ಉತ್ತರವೇನೂ ಬದಲಾಗುತ್ತಿರಲಿಲ್ಲ ಎಂಬುದು ಆಮೇಲೆ ತಿಳಿದದ್ದು.

ಎರಡನೆಯ ಜಗಳ ಸೊನ್ನೆಯದು. ಸಂಖ್ಯೆಯ ಮೊದಲಿಗೆ ಸೊನ್ನೆ ಬರಬಾರದು, ಬಂದರೆ ಅದಕ್ಕೆ ಬೆಲೆಯಿಲ್ಲ ಎಂದು ನನ್ನ ವಾದ. ಬೀಗದ ಸಂಖ್ಯೆ ಸಂಖ್ಯೆಯೇ ಅಲ್ಲ, ಅದು ಮೂರು ಅಂಕಿಗಳು ಸಾಲಾಗಿ ಕುಳಿತದ್ದು. ಅದನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ, ಆದ್ದರಿಂದ ಸೊನ್ನೆಗೂ ಮುಂದಿನ ಸಾಲಿನಲ್ಲಿ ಕೂರುವ ಹಕ್ಕಿದೆ ಎಂದು ಶ್ರೀಧರ. ನಾನು ಸೋತೆ. ಆ ಹೊತ್ತಿಗೆ ರಘು 200 ದಾಟಿದ್ದ. ಅವನ ಚಕ್ರದ ಟಕ್ ಟಕ್ ಸದ್ದು ನಮ್ಮ ವಾದಕ್ಕೆ ತಾಳ ಹಾಕುತ್ತಿತ್ತು.

“ಈ ಆಟಕ್ಕೆ ದೊಡ್ಡ ಮನೆತನವಿದೆ ಗೊತ್ತೇನು?” ಎಂದು ಶ್ರೀಧರ ಶುರು ಮಾಡಿದ. ಒಗಟು ಬಿಡಿಸುವುದಕ್ಕೆ ಮುಂಚೆ ವಂಶಾವಳಿ ಹೇಳದೆ ಅವನಿಗೆ ಕೈ ಓಡುವುದಿಲ್ಲ. “ಕಾಗದ, ಪೆನ್ಸಿಲು ಹಿಡಿದು ಇಬ್ಬರು ಆಡುವ ಹಳೆಯ ಆಟ. ಹೋರಿ, ಹಸು ಎಂದು ಹೆಸರು. ನಾನು ನಾಲ್ಕು ಬೇರೆ ಬೇರೆ ಅಂಕಿ ಮನಸ್ಸಿನಲ್ಲಿಟ್ಟುಕೊಳ್ಳುತ್ತೇನೆ. ನೀನು ಊಹಿಸಬೇಕು. ಅಂಕಿಯೂ ಸ್ಥಾನವೂ ಸರಿಯಾದರೆ ಹೋರಿ, ಅಂಕಿ ಮಾತ್ರ ಸರಿಯಾದರೆ ಹಸು. ಇರುವ ಸಾಧ್ಯತೆ 5040. ಆದರೂ ಲೆಕ್ಕ ಹಾಕಿ ಆಡಿದರೆ ಏಳು ಊಹೆಯೊಳಗೆ ಖಂಡಿತ ಸಿಕ್ಕುತ್ತದೆ.”

“ಹೋರಿ ಯಾವುದು, ಹಸು ಯಾವುದು ಎಂಬುದನ್ನೇ ನಾನು ಮರೆಯುತ್ತೇನೆ,” ಎಂದ ನಾಗರಾಜ.

“ಅದಕ್ಕೇ ಬಣ್ಣದ ಗೂಟಗಳ ಮಾಸ್ಟರ್‌ಮೈಂಡ್ ಬಂತು. 1970ರ ಸುಮಾರಿಗೆ ಮೊರ್ಡೆಕೈ ಮೈರೊವಿಟ್ಜ್ ರೂಪಿಸಿದ್ದು. ಆರು ಬಣ್ಣ, ನಾಲ್ಕು ತೂತು, 1296 ಸಾಧ್ಯತೆ. 1977ರಲ್ಲಿ ಡೊನಾಲ್ಡ್ ಕ್ನೂತ್ ಎಂಬ ಗಣಕ ವಿಜ್ಞಾನಿ, ಎಂಥ ಗುಟ್ಟನ್ನು ಇಟ್ಟರೂ ಐದು ಊಹೆಗಳಲ್ಲಿ ಒಡೆಯಬಹುದು ಎಂದು ತೋರಿಸಿದ. ಅವನ ಉಪಾಯ ಏನು ಗೊತ್ತೇ? ಪ್ರತಿ ಸಲವೂ, ಎಷ್ಟೇ ಕೆಟ್ಟ ಉತ್ತರ ಬಂದರೂ ಉಳಿಯುವ ಸಾಧ್ಯತೆಗಳು ಆದಷ್ಟು ಕಡಿಮೆಯಾಗುವಂಥ ಊಹೆಯನ್ನೇ ಆರಿಸುವುದು. ಅದೃಷ್ಟವನ್ನು ನಂಬುವುದೇ ಇಲ್ಲ.”

“ಆ ಆಟದಲ್ಲಿ ಎದುರಿಗೆ ಉತ್ತರ ಹೇಳುವವನು ಒಬ್ಬ ಕೂತಿರುತ್ತಾನೆ,” ಎಂದಳು ವಿಮಲಾ. “ಬೀಗ ಹಾಗೆ ಹೇಳುತ್ತದೆಯೇ? ‘ಅಯ್ಯಾ, ಒಂದು ಅಂಕಿ ಸರಿ, ಪಕ್ಕದ ಚಕ್ರಕ್ಕೆ ಹಾಕಿ ನೋಡು’ ಎಂದು ಬೀಗ ಬಾಯಿ ಬಿಟ್ಟರೆ ಅದನ್ನು ಮಾಡಿದವರ ಗತಿಯೇನು? ರಘು ಇನ್ನೂರು ಸಲ ಕೇಳಿದ, ಇನ್ನೂರು ಸಲವೂ ಇಲ್ಲ ಎಂದಿತು. ಒಂದು ಇಲ್ಲದಿಂದ ಒಂದೇ ಸಂಖ್ಯೆ ಹೋಯಿತು. ಅದೇ ಜಿಪುಣತನವೇ ಬೀಗದ ಬಲ.”

“ಕೇಳುವ ರೀತಿಯಲ್ಲಿ ಕೇಳಿದರೆ ಹೌದು, ಇಲ್ಲ ಎಂಬ ಹತ್ತು ಉತ್ತರ ಸಾಕು,” ಎಂದ ಶ್ರೀಧರ. “ಒಂದೊಂದು ಪ್ರಶ್ನೆಯಲ್ಲೂ ಸಾಧ್ಯತೆಗಳನ್ನು ಅರ್ಧಕ್ಕೆ ಇಳಿಸುತ್ತ ಹೋಗು. ಎರಡನ್ನು ಹತ್ತು ಸಲ ಗುಣಿಸಿದರೆ 1024. ಸಾವಿರ ಅದರೊಳಗೆ ಬಂತು.”

“ಯಾರನ್ನು ಕೇಳಲಿ? ಸೂಟ್‌ಕೇಸನ್ನೇ?” ಎಂದ ರಘು, ತಲೆಯೆತ್ತದೆ. 318. 319.

ಇಷ್ಟಾದ ಮೇಲೆ ಶ್ರೀಧರ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಮೂರು ಚೌಕ ಬರೆದ. ನಿಜ ಹೇಳಬೇಕೆಂದರೆ, ಆಮೇಲೆ ಅವನು ಮಾಡಿದ್ದು ಚೆನ್ನಾಗಿತ್ತು.

“ಇಲ್ಲಿ ಮೂರು ಕುರ್ಚಿ ಇವೆ ಎಂದುಕೊಳ್ಳಿ. 460ರಲ್ಲಿ ಎರಡು ಅಂಕಿ ಸರಿ. ಅಲ್ಲಿಗೆ ಎರಡು ಕುರ್ಚಿ ತುಂಬಿತು. 951ರಲ್ಲಿ ಒಂದು ಸರಿ. ಮೂರನೆಯದೂ ತುಂಬಿತು. ಈ ಎರಡು ಸುಳಿವಿನಲ್ಲಿ ಒಂದೇ ಅಂಕಿ ಎರಡು ಕಡೆ ಬಂದಿದೆಯೇ? ಇಲ್ಲ. ಹಾಗಾದರೆ ಇಲ್ಲಿಗೆ ಬಾಗಿಲು ಮುಚ್ಚಿತು. ಇವೆರಡರಲ್ಲಿ ಹೆಸರಿಲ್ಲದ 2, 3, 7, 8 ಹೊರಗೆ.”

ನಮಗೆ ಅಚ್ಚರಿಯಾಯಿತು. ಯಾವ ಅಂಕಿ ಎಲ್ಲಿದೆ ಎಂದು ಒಂದೂ ತಿಳಿಯದೆ ನಾಲ್ಕು ಅಂಕಿಗಳನ್ನು ಆಚೆಗೆ ಹಾಕಿದ್ದ.

“ಈಗ 347. ಇದರಲ್ಲಿ ಒಂದು ಸರಿ. 3 ಮತ್ತು 7 ಆಗಲೇ ಹೊರಗೆ ನಿಂತಿವೆ. ಉಳಿದದ್ದು 4. ಅದರ ಸ್ಥಾನ ತಪ್ಪು, ಅಂದರೆ 4 ನಡುವಿನ ಕುರ್ಚಿಯಲ್ಲಿಲ್ಲ. 460 ಏನು ಹೇಳುತ್ತದೆ? ಮೊದಲ ಕುರ್ಚಿಯಲ್ಲೂ ಇಲ್ಲ. ಎರಡು ಕಡೆ ಜಾಗವಿಲ್ಲ ಎಂದವನು ಮೂರನೆಯ ಕಡೆ ಕೂರಲೇಬೇಕು.” ಕೊನೆಯ ಚೌಕದಲ್ಲಿ 4 ಎಂದು ಬರೆದು ಅಡಿಗೆರೆ ಎಳೆದ.

“ಮುಂದಕ್ಕೆ ಹೋಗು,” ಎಂದು ನಾಗರಾಜ ಮುಂದಕ್ಕೆ ಬಗ್ಗಿದ. ತನ್ನ ಒಗಟು ಇಷ್ಟು ಗಂಭೀರವಾದದ್ದೆಂದು ಅವನಿಗೇ ಗೊತ್ತಿರಲಿಲ್ಲ.

“951ರಲ್ಲಿ ಸರಿಯಾದ ಅಂಕಿ ಅದರ ಸ್ಥಾನದಲ್ಲೇ ಇದೆ. 1 ಕೊನೆಯಲ್ಲಿ ಕೂರಬೇಕಿತ್ತು, ಅಲ್ಲಿ 4 ಕೂತಾಯಿತು. ಆದ್ದರಿಂದ ಒಂದೋ 9 ಮೊದಲಿಗೆ, ಇಲ್ಲವೇ 5 ನಡುವಿಗೆ. 9 ಮೊದಲಿಗಾದರೆ ನಡುವಿಗೆ 6 ಅಥವಾ 0 ಬರಬೇಕು. 460ರ ಪ್ರಕಾರ 6ಕ್ಕೆ ನಡುವಿನ ಸ್ಥಾನ ನಿಷಿದ್ಧ. ಅಲ್ಲಿಗೆ 904. ಸಿಕ್ಕಿತು!”

“ತಾಳು,” ಎಂದಳು ವಿಮಲಾ. “5 ನಡುವಿಗಾದರೆ?”

ಶ್ರೀಧರ ತಾಳಿದ. ತಾಳಿದಷ್ಟೂ ಅವನ ಮುಖ ಇಳಿಯಿತು. 5 ನಡುವಿಗೆ ಬಂದರೆ ಮೊದಲಿಗೆ 6 ಅಥವಾ 0. 196ರಲ್ಲಿ ಒಂದು ಅಂಕಿ ಇರಲೇಬೇಕು; 1 ಇಲ್ಲ, 9 ಇಲ್ಲ, ಆದ್ದರಿಂದ 6. ಅಂದರೆ 654. ನಾಲ್ಕು ಸುಳಿವುಗಳ ಎದುರಿಗೂ ಇಟ್ಟು ನೋಡಿದೆವು. ಎಲ್ಲದಕ್ಕೂ ಸರಿಹೊಂದಿತು. 904ಕ್ಕೆ ಎಷ್ಟು ಹಕ್ಕಿತ್ತೋ ಅಷ್ಟೇ ಹಕ್ಕು 654ಕ್ಕೂ ಇತ್ತು.

ಎರಡು ಉತ್ತರವಿರುವ ಒಗಟು ಶ್ರೀಧರನ ಪಾಲಿಗೆ ಒಗಟೇ ಅಲ್ಲ, ಅಪಚಾರ. “ನಿನ್ನ ಒಗಟೇ ತಪ್ಪು,” ಎಂದು ನಾಗರಾಜನ ಮೇಲೆ ಹರಿಹಾಯ್ದ. “ನಿನ್ನ ತರ್ಕವೇ ತಪ್ಪು,” ಎಂದ ನಾಗರಾಜ. ಆಗ ಮೂಲೆಯಿಂದ ರಘುವಿನ ದನಿ ಬಂತು.

“654 ಆಗಲೇ ದಾಟಿಹೋಯಿತು. ತೆರೆಯಲಿಲ್ಲ. ನಾನೀಗ 671ರಲ್ಲಿದ್ದೇನೆ.”

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ನನಗೇನೋ ಅಲ್ಲಿಗೆ ವ್ಯಾಜ್ಯ ತೀರಿತು ಅನ್ನಿಸಿತು. ಶ್ರೀಧರನಿಗೆ ಅನ್ನಿಸಲಿಲ್ಲ. “ಅದು ಸಾಬೀತಲ್ಲ,” ಎಂದ. “ನಿನ್ನ ಬೆರಳು ಜಾರಿರಬಹುದು. ಗುಂಡಿ ಸರಿಯಾಗಿ ಒತ್ತದೆ ಇದ್ದಿರಬಹುದು. 653ರಿಂದ 655ಕ್ಕೆ ಹಾರಿರಬಹುದು.”

“ಹಾರಿಲ್ಲ.”

“ಸಾಕ್ಷಿ?”

“ಬೆರಳು ನೋಯುತ್ತಿದೆ. ಅದೇ ಸಾಕ್ಷಿ.”

ವಿಮಲಾ ಇಬ್ಬರನ್ನೂ ಬಿಟ್ಟು ನಾಗರಾಜನ ಕಡೆ ಕೈ ಚಾಚಿದಳು. “ಆ ಚೀಟಿ ಇಲ್ಲಿ ಕೊಡು.” ಚೀಟಿಯ ಮೇಲ್ತುದಿ ಹಿಂದಕ್ಕೆ ಮಡಚಿತ್ತು. ಅವಳು ಮಡಿಕೆ ಬಿಡಿಸಿದಳು. ಅಲ್ಲಿ ಇನ್ನೊಂದು ಸಾಲು. 753: ಎಲ್ಲವೂ ತಪ್ಪು.

“ಇದನ್ನು ಯಾಕೆ ಓದಲಿಲ್ಲ?”

“ಅದರಲ್ಲಿ ಏನೂ ಇಲ್ಲವಲ್ಲ,” ಎಂದ ನಾಗರಾಜ, ನಿಜಕ್ಕೂ ಆಶ್ಚರ್ಯಪಟ್ಟು. “ಒಂದೂ ಸರಿಯಿಲ್ಲ ಎಂದ ಮೇಲೆ ಅದರಿಂದ ಏನು ಪ್ರಯೋಜನ? ಉಪಯೋಗಕ್ಕೆ ಬರುವ ಸಾಲುಗಳನ್ನು ಮಾತ್ರ ಓದಿದೆ.”

ಶ್ರೀಧರ ಎದ್ದು ನಿಂತ. ಹೊಡೆಯುತ್ತಾನೇನೋ ಎಂದುಕೊಂಡೆ. “ಅಯ್ಯಾ ಪುಣ್ಯಾತ್ಮ, ಇಡೀ ಚೀಟಿಯಲ್ಲಿ ಕಡ್ಡಿ ತುಂಡು ಮಾಡಿದಂತೆ ಮಾತಾಡಿದ್ದು ಇದೊಂದೇ! ಮಿಕ್ಕವೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟವು. ಒಂದು ಸರಿಯಂತೆ, ಯಾವುದು ಎಂದು ಹೇಳುವುದಿಲ್ಲವಂತೆ. ಸ್ಥಾನ ತಪ್ಪಂತೆ, ಸರಿಯಾದದ್ದು ಎಲ್ಲೋ ಇದೆಯಂತೆ. ಇದು ನೋಡು, ಮೂರು ಅಂಕಿಗಳನ್ನು ಮೂರು ಕುರ್ಚಿಯಿಂದಲೂ ಒಂದೇ ಏಟಿಗೆ ಎಬ್ಬಿಸಿತು. ಉಳಿದ ಏಳು ಅಂಕಿಗಳಿಂದ ಆಗುವುದು 343. ಸಾವಿರದಲ್ಲಿ 657 ಮೊದಲ ಸಾಲಿನಲ್ಲೇ ಹೋದವು!”

“ರಘುವಿನ ಬೀಗ 753ಕ್ಕೆ ಇಲ್ಲ ಎಂದರೆ ಹೋಗುವುದು ಒಂದು. ಈ ಚೀಟಿ 753ಕ್ಕೆ ಇಲ್ಲ ಎಂದರೆ ಹೋಗುವುದು 657,” ಎಂದಳು ವಿಮಲಾ. “ಎರಡೂ ಇಲ್ಲವೇ.”

“ಲೆಕ್ಕಕ್ಕೆ ಮಾತ್ರ ಸ್ವಲ್ಪ ನ್ಯಾಯ ಹೇಳಬೇಕು,” ಎಂದು ಶ್ರೀಧರ ಕೂತುಕೊಂಡು ದನಿ ತಗ್ಗಿಸಿದ. ಕೋಪದಲ್ಲೂ ಅವನಿಗೆ ಅಡಿಟಿಪ್ಪಣಿ ಬಿಡುವುದಿಲ್ಲ. “ಅಂಕಿ ಮರುಕಳಿಸುವುದಿಲ್ಲ ಎಂದಿಟ್ಟುಕೊಂಡರೆ ಒಟ್ಟು 720. ‘ಎಲ್ಲವೂ ತಪ್ಪು’ ಎಂಬ ಸುಳಿವು ಒಂದೇ ಇದ್ದರೆ ಉಳಿಯುವುದು 210. ‘ಒಂದು ಸರಿ, ಸ್ಥಾನವೂ ಸರಿ’ ಎಂದರೆ 126. ‘ಎರಡು ಸರಿ, ಸ್ಥಾನ ತಪ್ಪು’ ಎಂದರೆ 63 ಮಾತ್ರ. ತೂಕಕ್ಕೆ ಹಾಕಿದರೆ ಅವೇ ಹೆಚ್ಚು. ಆದರೆ ಅವನ್ನು ‘ಇದೋ ಅದೋ’ ಎಂದು ತಲೆಯಲ್ಲಿ ಹೊತ್ತುಕೊಂಡು ತಿರುಗಬೇಕು. ಇಲ್ಲ ಎಂದದ್ದನ್ನು ಕಾಗದದ ಮೇಲೆ ಅಡ್ಡ ಗೆರೆ ಎಳೆದು ಮರೆತುಬಿಡಬಹುದು.”

“ಮರೆಯುವುದಾದರೆ ನನಗೆ ಬರುತ್ತದೆ,” ಎಂದ ನಾಗರಾಜ.

5 ಹೋಯಿತು. 5ರ ಜೊತೆಗೆ 654 ಹೋಯಿತು. ಉಳಿದದ್ದು 904 ಒಂದೇ. ಶ್ರೀಧರ ಅದನ್ನು ಗಟ್ಟಿಯಾಗಿ ಓದಿ, ತಿರುಗಿಸು ಎನ್ನುವಂತೆ ರಘುವಿಗೆ ಕೈ ಮಾಡಿದ.

ರಘು 689 ಎಂದು ಗುಂಡಿ ಒತ್ತಿದ. ತೆರೆಯಲಿಲ್ಲ. 690.

“904 ಹಾಕು ಎಂದೆ.”

“ಹಾಕುತ್ತೇನೆ. ಅದರ ಸರದಿ ಬರಲಿ.”

“ನೇರವಾಗಿ ಹಾಕಬಾರದೇ?”

“ನನ್ನ ಬೆರಳನ್ನು ನಂಬಲಿಲ್ಲವಲ್ಲ ನೀನು. ಈಗ ಹಾರಿದರೆ, ಆಮೇಲೆ ತೆರೆಯದಿದ್ದರೆ, ಎಲ್ಲಿ ನಿಲ್ಲಿಸಿದ್ದೆ ಎಂದು ಯಾರು ನೆನಪಿಟ್ಟುಕೊಳ್ಳುತ್ತಾರೆ? ನಾಗರಾಜನೇ?”

ಇದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಇನ್ನೂ ಇನ್ನೂರಕ್ಕೂ ಹೆಚ್ಚು ಸಂಖ್ಯೆಗಳು, ಹತ್ತು ನಿಮಿಷಕ್ಕಿಂತ ಹೆಚ್ಚು. ಉತ್ತರ ಗೊತ್ತಿದ್ದೂ ಕಾಯುವುದು ಹೇಗಿರುತ್ತದೆ ಎಂಬುದು ಆವತ್ತು ಗೊತ್ತಾಯಿತು.

ಆ ಬಿಡುವಿನಲ್ಲಿ ವಿಮಲಾ ಇನ್ನೊಂದು ಕಿತಾಪತಿ ಮಾಡಿದಳು. ಚೀಟಿಯನ್ನು ತಿರುವಿ ಮುರುವಿ ನೋಡಿ, “ಈ 196 ಯಾಕಿದೆ?” ಎಂದಳು.

“ಸುಳಿವು,” ಎಂದ ನಾಗರಾಜ.

“ಸುಳಿವು ಸರಿ. ಆದರೆ ಮೊದಲ ಸಾಲು ಇದ್ದರೆ ಇದರ ಕೆಲಸವೇನು? 753ರಿಂದ 3, 7, 5 ಹೋದವು. 347ರಿಂದ 4 ಬಂತು, ಕೊನೆಯಲ್ಲಿ ಕೂತಿತು. 951ರಲ್ಲಿ 5 ಇಲ್ಲ, 1ಕ್ಕೆ ಜಾಗವಿಲ್ಲ, ಆದ್ದರಿಂದ 9 ಮೊದಲಿಗೆ. 460ರಿಂದ ನಡುವಿಗೆ 0. ಮುಗಿಯಿತು. 196ರ ಕಡೆ ತಲೆ ಹಾಕಿಯೂ ಮಲಗಲಿಲ್ಲ.”

ಶ್ರೀಧರ ಕಾಗದ ಕಸಿದುಕೊಂಡು ಎರಡು ಸಲ ಮಾಡಿ ನೋಡಿದ. ನಿಜ. ನಾಗರಾಜ ಬಿಟ್ಟುಬಿಟ್ಟ ಸಾಲು ಬೇಕೇ ಬೇಕಾದದ್ದು. ಗಂಟಲು ಬಿಗಿದು ಓದಿದ ಸಾಲುಗಳಲ್ಲಿ ಒಂದು ದಂಡದ್ದು. ಅದೂ ಹೇಗೆ? ಮೊದಲ ಸಾಲು ಮಡಿಕೆಯಲ್ಲಿ ಅಡಗಿದ್ದಷ್ಟು ಹೊತ್ತು 196 ಪಾಪ ದುಡಿದಿತ್ತು. ಅದಿಲ್ಲದಿದ್ದರೆ 904, 654ರ ಜೊತೆಗೆ 054 ಕೂಡ ಬಂದು ಕೂರುತ್ತಿತ್ತು. ಮೊದಲ ಸಾಲು ಹೊರಬಿದ್ದ ಕ್ಷಣವೇ ಇದಕ್ಕೆ ಕೆಲಸ ಹೋಯಿತು.

“ಅದನ್ನು ಯಾಕೆ ಬರೆದೆ?” ಎಂದು ಕೇಳಿದೆ.

“ನಾಲ್ಕೇ ಸುಳಿವು ಇದ್ದರೆ ಚೀಟಿ ಬೋಳು ಬೋಳಾಗಿ ಕಾಣುತ್ತಿತ್ತು,” ಎಂದ ನಾಗರಾಜ.

ಹೆಚ್ಚಿಗೆ ಸುಳಿವು ಕೊಡುವುದು ತಪ್ಪೇ ಎಂಬುದರ ಮೇಲೆ ಮತ್ತೆ ಬಿಸಿ ಏರಿತು. ಒಂದು ಸುಳಿವು ತೆಗೆದರೂ ಉತ್ತರ ಕೈತಪ್ಪುವ ಹಾಗಿರಬೇಕು, ಅದೇ ಒಗಟಿನ ಮರ್ಯಾದೆ ಎಂದು ಶ್ರೀಧರ. ಬಿಡಿಸುವವನಿಗೂ ಒಂದಿಷ್ಟು ಆಸರೆ ಬೇಡವೇ, ಕೊನೆಗೆ ತಾಳೆ ನೋಡಲಾದರೂ ಬರುತ್ತದೆ ಎಂದು ನಾನು. ನನ್ನ ಪಕ್ಷವೇ ಸರಿ ಎಂದು ಈಗಲೂ ನನ್ನ ಅಭಿಪ್ರಾಯ. 904 ಎಂದು ಬಂದ ಮೇಲೆ 196ರ ಎದುರಿಗಿಟ್ಟು, 9 ಇದೆ, ಸ್ಥಾನ ತಪ್ಪಿದೆ, ಮಿಕ್ಕೆರಡು ಇಲ್ಲ ಎಂದು ನೋಡಿದಾಗ ಸಿಗುವ ನೆಮ್ಮದಿ ಶ್ರೀಧರನಂಥವರಿಗೆ ತಿಳಿಯದು. ಅವರು ತಾಳೆ ನೋಡುವುದಿಲ್ಲ, ಘೋಷಿಸುತ್ತಾರೆ.

“902,” ಎಂದ ರಘು. ಎಲ್ಲರೂ ಸುಮ್ಮನಾದೆವು. “903.” ನಾಗರಾಜ ಕಣ್ಣು ಮುಚ್ಚಿಕೊಂಡ.

ಟಕ್.

ಮುಚ್ಚಳ ಮೇಲೆದ್ದಿತು. “905ನೆಯ ಪ್ರಯತ್ನ,” ಎಂದ ರಘು, ಬೆರಳು ನೀವಿಕೊಳ್ಳುತ್ತ. “999ರಿಂದ ಕೆಳಕ್ಕೆ ಬಂದಿದ್ದರೆ 96ನೆಯದಕ್ಕೇ ಆಗುತ್ತಿತ್ತು. 5 ನಿಮಿಷವೂ ಬೇಕಾಗುತ್ತಿರಲಿಲ್ಲ. ನೀವು ಆ ಏಕಾರದ ಜಗಳ ಮುಗಿಸುವುದರೊಳಗೆ ಮನೆಗೆ ಹೋಗಿರುತ್ತಿದ್ದೆ.”

ಶ್ರೀಧರನಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸಿದರೂ ಕೇಳಿಸದಂತೆ ಇದ್ದ. ಎಲ್ಲರೂ ಒಳಗೆ ಇಣುಕಿದೆವು. ಸೂಟ್‌ಕೇಸು ಖಾಲಿ. ತಳದಲ್ಲಿ, ಮಡಚಿದ ಒಂದೇ ಒಂದು ಚೀಟಿ. ನಾಗರಾಜನ ದುಂಡು ಅಕ್ಷರ. ‘ಬೀಗದ ಸಂಖ್ಯೆ 904. ಒಗಟು ಬಿಡಿಸಲಾಗದಿದ್ದರೆ ಇದನ್ನು ನೋಡುವುದು.’

“ನೋಡಿದಿರಾ!” ಎಂದು ನಾಗರಾಜ ಕುಣಿದಾಡಿದ. “ನನ್ನ ಒಗಟು ಸರಿಯಾಗಿತ್ತು!”

ಸಂಭ್ರಮ ಇಳಿದ ಮೇಲೆ ಅವನಿಗೆ ಹೊಸ ಚಿಂತೆ ಹತ್ತಿತು. ಗುಟ್ಟು ಈಗ ನಾಲ್ಕು ಜನಕ್ಕೆ ತಿಳಿಯಿತಲ್ಲ. ನಮಗೆ ಬೆನ್ನು ಮಾಡಿ ಕೂತು, ಮುಚ್ಚಳದ ಒಳಗಿನ ಸಣ್ಣ ಕಡ್ಡಿಯನ್ನು ಸರಿಸಿ, ಹೊಸ ಸಂಖ್ಯೆ ಕೂರಿಸಿ, ಸೂಟ್‌ಕೇಸು ಮುಚ್ಚಿದ. ಆಮೇಲೆ ನನ್ನ ಕಡೆ ತಿರುಗಿ ಪೆನ್ಸಿಲು ಕೇಳಿದ. ಮೊದಲ ಸಾಲನ್ನು ಈ ಸಲ ಮಡಚಬೇಡ ಎಂದಳು ವಿಮಲಾ. ಅಷ್ಟರಲ್ಲಿ ರಘು ಸೂಟ್‌ಕೇಸನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಿದ್ದ.

“ಈ ಸಲ 999ರಿಂದ ಶುರು,” ಎಂದ.

ನಾಗರಾಜನ ಮುಖ ಬಿಳಿಚಿಕೊಂಡಿತು. ವಿಮಲಾ ನನ್ನ ಕಡೆ ನೋಡಿ ಕಣ್ಣು ಸನ್ನೆ ಮಾಡಿದಳು. ನಾನು ಪೆನ್ಸಿಲನ್ನು ಅವನಿಗೆ ಕೊಡದೆ, ಆ ಬಿಳಿಚಿದ ಮುಖವನ್ನೇ ಮೊದಲ ಸುಳಿವೆಂದು ಬರೆದುಕೊಂಡೆ.